ಒಂದರ ಹಿಂದೆ ಒಂದು ನಾಲ್ಕು ಕುಸ್ತಿ

ನಾನು ಏಳನೇ ತರಗತಿಯವರೆಗೆ ಓದಿದವಳು. ಬರೆಯುವುದೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಪಟ್ಟಿ ಬರೆಯುವುದು. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಆರಿಸಿ ರಟ್ಟಿನ ಡಬ್ಬಿಗೆ ತುಂಬುವ ಲೈನಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಹದಿನಾಲ್ಕು ಜನ ಹೆಂಗಸರು ದಿನವಿಡೀ ನಿಂತೇ ಇರಬೇಕು. ಯಾರು ಯಾವಾಗ ಹತ್ತು ನಿಮಿಷ ಕೂರಬೇಕು, ಅವರ ಜಾಗಕ್ಕೆ ಯಾರು ಬರಬೇಕು ಎಂಬ ಬಿಡುವಿನ ಪಟ್ಟಿ ಮಾಡುವುದು ನನ್ನ ಕೆಲಸ. ಮೊದಲು ಸೂಪರ್‌ವೈಸರ್ ಮಾಡುತ್ತಿದ್ದರು, ದಿನಾ ಜಗಳ. ಒಂದು ದಿನ ನಾನು ಡಬ್ಬಿಯ ರಟ್ಟಿನ ಮೇಲೆ ಬರೆದು ತೋರಿಸಿದೆ. ಜಗಳ ನಿಂತಿತು. ಬಸುರಿಯ ಕಾಲು ಎಷ್ಟು ಹೊತ್ತಿಗೆ ಊದುತ್ತದೆ, ಮಂಡಿ ನೋವಿನವರು ಎಷ್ಟು ಹೊತ್ತು ತಡೆದಾರು, ದಣಿದ ಮೈಗೆ ಮತ್ತೆ ಬಲ ಬರಲು ಎಷ್ಟು ನಿಮಿಷ ಬೇಕು ಎಂಬುದು ನನಗೆ ನೋಡಿದರೆ ಗೊತ್ತಾಗುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು, ಅದಕ್ಕೆ ಹೇಳುತ್ತಿದ್ದೇನೆ.

ನನಗೆ ಒಬ್ಬಳೇ ತಂಗಿ, ಏಳು ವರ್ಷಕ್ಕೆ ಚಿಕ್ಕವಳು. ಅವಳು ಕುಸ್ತಿ ಆಡುತ್ತಿದ್ದಳು. ಹೊಸಕೋಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ಉಸ್ತಾದರು, ಪ್ರಾಯದಲ್ಲಿ ಪೈಲ್ವಾನರಾಗಿದ್ದವರು, ಅಂಗಡಿಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುತ್ತಾರೆ. ನೆಲಕ್ಕೆ ಹಾಸಿದ ಮ್ಯಾಟು ಕೂಡ ಅವರ ಕೈಯದೇ ಹೊಲಿಗೆ. ತಂಗಿ ಹತ್ತನೇ ವಯಸ್ಸಿಗೆ ಅಲ್ಲಿಗೆ ಹೋದಳು. ಹೋದ ವಾರದಲ್ಲೇ ತನಗಿಂತ ದೊಡ್ಡ ಹುಡುಗನನ್ನು ಚಿತ್ ಮಾಡಿದಳಂತೆ, ಅಂದರೆ ಅವನ ಎರಡೂ ಭುಜ ನೆಲಕ್ಕೆ ತಾಗುವಂತೆ ಕೆಡವಿದಳಂತೆ. ಅಂದಿನಿಂದ ನಮ್ಮಪ್ಪ ಬೇರೆ ಮನುಷ್ಯರೇ ಆಗಿಬಿಟ್ಟರು.

ಅಪ್ಪ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾರೆ. ನಸುಕಿನಲ್ಲಿ ಮಾರ್ಕೆಟ್ಟಿಗೆ ಲೋಡು ಇಳಿಸಿ ಬಂದು, ಮುಖ ತೊಳೆದು, ಅದೇ ಟೆಂಪೊದಲ್ಲಿ ತಂಗಿಯನ್ನು ಉಸ್ತಾದರ ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅದೇ ಹೊತ್ತಿಗೆ ನಾನು ರಸ್ತೆ ಬದಿಯಲ್ಲಿ ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದೆ. ಟೆಂಪೊ ನನ್ನ ಮುಂದೆಯೇ ಹೋಗುತ್ತಿತ್ತು. ಅಪ್ಪ ಒಂದು ಸಲ ಹಾರ್ನ್ ಹೊಡೆಯುತ್ತಿದ್ದರು. ತಂಗಿ ಕಿಟಕಿಯಿಂದ ಕೈ ಬೀಸುತ್ತಿದ್ದಳು, ನಾನೂ ಬೀಸುತ್ತಿದ್ದೆ.

ಜೊತೆಗೆ ನಿಲ್ಲುತ್ತಿದ್ದ ಹೆಂಗಸೊಬ್ಬಳು ಒಂದು ದಿನ ಕೇಳಿಯೇಬಿಟ್ಟಳು. "ನಿಮ್ಮಪ್ಪ ಆ ಕಡೆಗೇ ಅಲ್ವೇನೇ ಹೋಗೋದು? ನಿನ್ನೂ ಒಂಚೂರು ಕೂರಿಸ್ಕೊಂಡು ಹೋಗ್ಬಾರ್ದಾ?"

"ಮುಂದೆ ಇಬ್ರಿಗೇ ಜಾಗ ಇರೋದು," ಅಂದೆ.

ಮೂವರು ಕೂರುವಷ್ಟು ಜಾಗ ಇತ್ತು. ಅಪ್ಪ ಕರೆಯಲಿಲ್ಲ, ನಾನು ಕೇಳಲಿಲ್ಲ.

ಮನೆಯಲ್ಲಿ ದಿನಾ ನಾಲ್ಕು ಮೊಟ್ಟೆ ಬೇಯುತ್ತಿದ್ದವು. ನಾಲ್ಕೂ ಅವಳಿಗೆ, ಸಿಪ್ಪೆ ಬಿಡಿಸುವುದು ನಾನು. ನನಗೆ ಮೊಟ್ಟೆ ಅಂಥಾ ಇಷ್ಟವೇನೂ ಅಲ್ಲ. ಆದರೂ ಸಿಪ್ಪೆ ತೆಗೆಯುವಾಗ ಕೆಲವು ಸಲ ಬೇಕೆಂದೇ ಉಗುರು ಒತ್ತಿ ಮೊಟ್ಟೆಯನ್ನು ಸೀಳಿಬಿಡುತ್ತಿದ್ದೆ. ಅವಳು ಅದನ್ನು ನೋಡದೆ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕುಸ್ತಿಯಲ್ಲಿ ಮ್ಯಾಟಿಗೆ ಉಜ್ಜಿ ಉಜ್ಜಿ ಅವಳ ಎಡಗಿವಿ ಊದಿ ಗಂಟಿನಂತಾಗಿತ್ತು. "ಈ ಕಿವಿ ನೋಡಿ ಯಾರು ಮದ್ವೆ ಆಗ್ತಾರೆ" ಎಂದು ಅಮ್ಮ ಗೊಣಗಿದರೆ, ಅಪ್ಪ ಆ ಕಿವಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, "ಇದು ಒಡವೆ ಕಣೇ, ಅಂಗ್ಡೀಲಿ ಸಿಗಲ್ಲ" ಅನ್ನುತ್ತಿದ್ದರು. ನನ್ನ ಕಿವಿಯಲ್ಲಿ ನಾನೇ ದುಡಿದು ಮಾಡಿಸಿಕೊಂಡ ಓಲೆ ಇದ್ದವು. ಅಪ್ಪ ಅವನ್ನು ನೋಡಿದ್ದು ನನಗೆ ನೆನಪಿಲ್ಲ.

ತಂಗಿ ಕೆಟ್ಟವಳಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಹಾಗಿರಲಿಲ್ಲ. ನನ್ನನ್ನು ಕುಸ್ತಿಯ ಶೆಡ್ಡಿಗೆ ಎಳೆದುಕೊಂಡು ಹೋದವಳೇ ಅವಳು. "ಉಸ್ತಾದ್ರೇ, ನಮ್ಮಕ್ಕ ಪಟ್ಟಿ ಮಾಡಿದ್ರೆ ಫ್ಯಾಕ್ಟ್ರೀಲಿ ಒಬ್ರೂ ಬಾಯಿ ಬಿಡಲ್ಲ. ಈ ಸಲ ಪಂದ್ಯದ ಪಟ್ಟಿ ಅವಳ ಕೈಲೇ ಮಾಡಿಸಿ" ಎಂದು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು. ಅವಳ ಕೈ ಆಗಲೇ ನನ್ನ ಕೈಗಿಂತ ದಪ್ಪಗಿತ್ತು.

ವರ್ಷಕ್ಕೊಂದು ಸಲ ಶೆಡ್ಡಿನಲ್ಲೇ ಪಂದ್ಯ ನಡೆಸುವ ಉಸ್ತಾದರಿಗೆ ಒಂದು ಕೊರಗು ಇತ್ತು. ದೇವನಹಳ್ಳಿ, ನೆಲಮಂಗಲ ಎಲ್ಲೆಲ್ಲಿಂದಲೋ ಮಕ್ಕಳು ಎರಡೆರಡು ಬಸ್ಸು ಬದಲಾಯಿಸಿ ಬರುತ್ತಾರೆ. ಮೊದಲ ಕುಸ್ತಿಯಲ್ಲಿ ಕಾಲು ಜಾರಿದರೆ ಹತ್ತು ಗಂಟೆಗೇ ಅಳುತ್ತ ವಾಪಸ್. "ಒಂದ್ಸಲ ಬಿದ್ರೆ ಸೋತಂಗಾ ಬೇಟಿ? ಎರಡು ಸಲ ಸೋತ್ರೆ ಮಾತ್ರ ಮನೆಗೆ. ಹಂಗೆ ಮಾಡಕ್ಕಾಗುತ್ತಾ ನೋಡು," ಅಂದರು.

ಎರಡು ಭಾನುವಾರ ಮನೆಯ ನೆಲದ ಮೇಲೆ ಮುಚ್ಚಳಗಳನ್ನು ಹರಡಿಕೊಂಡು ಕೂತೆ. ಒಂದೊಂದು ಮುಚ್ಚಳ ಒಂದೊಂದು ಮಗು. ಎರಡು ಪಟ್ಟಿ ಬೇಕು ಎಂಬುದು ಬೇಗ ತಿಳಿಯಿತು. ಎಲ್ಲರೂ ಮೇಲಿನ ಪಟ್ಟಿಯಲ್ಲಿ ಶುರು. ಸೋತವರು ಕೆಳಗಿನ ಪಟ್ಟಿಗೆ ಇಳಿಯುತ್ತಾರೆ. ಅಲ್ಲೂ ಸೋತರೆ ಮನೆಗೆ. ಅಲ್ಲಿ ಗೆಲ್ಲುತ್ತ ಹೋದರೆ ಕೊನೆಗೆ ಮೇಲಿನ ಪಟ್ಟಿ ಗೆದ್ದವರ ಜೊತೆ ಫೈನಲ್. ಮೇಲಿನಿಂದ ಬಂದವರಿಗೆ ಒಂದೂ ಸೋಲು ಆಗಿರುವುದಿಲ್ಲವಾದ್ದರಿಂದ ಅವರನ್ನು ಎರಡು ಸಲ ಸೋಲಿಸಬೇಕು.

ತಿಳಿಯಲು ತಡವಾದದ್ದು ಇನ್ನೊಂದು. ಕೆಳಗಿನ ಪಟ್ಟಿಗೆ ಬಿದ್ದ ಮಗು ಮಿಕ್ಕವರಿಗಿಂತ ಹೆಚ್ಚು ಕುಸ್ತಿ ಆಡಬೇಕು. ಮೇಲಿನವರು ಕೂತು ಕಾಯುತ್ತಾರೆ, ಕೆಳಗಿನವರು ಎದ್ದು ಎದ್ದು ಬರುತ್ತಾರೆ. ಹಾಗಾಗಿ ಯಾರಿಗೆ ಯಾರು ಜೋಡಿ ಎಂಬುದಷ್ಟೇ ಸರಿಯಿದ್ದರೆ ಸಾಲದು, ಯಾವಾಗ ಎಂಬುದೂ ಸರಿಯಿರಬೇಕು. ಇರುವುದು ಒಂದೇ ಮ್ಯಾಟು. ಹುಡುಗಿಯರದು ಒಂದು ತೂಕದ ಗುಂಪು, ಹುಡುಗರದು ಎರಡು, ಮೂರನ್ನೂ ಹೆಣೆದು ಆಡಿಸಬೇಕು. ಒಂದು ಮಗುವಿನ ಎರಡು ಕುಸ್ತಿಗಳ ನಡುವೆ ಕಡಿಮೆಯೆಂದರೆ ಬೇರೆಯವರ ಮೂರು ಕುಸ್ತಿ ಬರಲೇಬೇಕು ಎಂದು ನಾನೇ ನಿಯಮ ಹಾಕಿದೆ. ಉಸ್ತಾದರು ಪಟ್ಟಿ ನೋಡಿ, "ನಲವತ್ತು ವರ್ಷ ಜೋಡಿ ಕಟ್ಟಿದೀನಿ. ಉಸಿರಿನ ಲೆಕ್ಕ ಯಾರೂ ಇಟ್ಟಿರ್ಲಿಲ್ಲ," ಅಂದರು. ನನ್ನ ಜೀವನದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಆಗ ತಂಗಿಗೆ ಹದಿನೆಂಟು. ಆ ಸಲದ ಪಂದ್ಯ ನೋಡಲು ಒಂದು ಕ್ರೀಡಾ ಹಾಸ್ಟೆಲಿನ ಕೋಚ್ ಬರುವವರಿದ್ದರು. ಅವಳ ತೂಕದಲ್ಲಿ ಗೆದ್ದ ಹುಡುಗಿಗೆ ಅವರ ಹಾಸ್ಟೆಲಿನಲ್ಲಿ ಒಂದು ಸೀಟು. ಊಟ, ಓದು, ತರಬೇತಿ ಎಲ್ಲ ಅಲ್ಲೇ. ಒಂದೇ ಸೀಟು. ಮನೆಯಲ್ಲಿ ಒಂದು ತಿಂಗಳಿಂದ ಬೇರೆ ಮಾತೇ ಇರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಮೇಜಿನ ಹಿಂದೆ ಮೈಕು ಹಿಡಿದು ಕೂತೆ. ಹೆಸರು ಕರೆಯುವುದೂ ನನ್ನ ಕೆಲಸವೇ. ಎಂಟು ಹುಡುಗಿಯರಿದ್ದರು. ದೊಡ್ಡಬಳ್ಳಾಪುರದಿಂದ ಬಂದ ಉದ್ದನೆಯ ಹುಡುಗಿಯೊಬ್ಬಳ ಮೇಲೆ ಎಲ್ಲರ ಕಣ್ಣಿತ್ತು. ಅವಳಪ್ಪ ಮಗ್ಗದ ಕೆಲಸದವರು. ಯಂತ್ರದ ಸದ್ದಿನ ನಡುವೆ ಮಾತಾಡಿ ಅಭ್ಯಾಸ, ಮೆಲ್ಲಗೆ ಹೇಳಿದ್ದೂ ಶೆಡ್ಡಿಗೆಲ್ಲ ಕೇಳುತ್ತಿತ್ತು.

"ಚೀಟಿ ಬರಿಯೋಳು ಅಕ್ಕ, ಕುಸ್ತಿ ಆಡೋಳು ತಂಗಿ. ಭೇಷ್! ನಾವ್ಯಾಕೆ ಬಂದ್ವಿ ಇಲ್ಲಿಗೆ, ಚಪ್ಪಾಳೆ ತಟ್ಟಕ್ಕಾ?"

ಜನ ನಕ್ಕರು. ಉಸ್ತಾದರು ಗೋಡೆ ತೋರಿಸಿ, "ಅಣ್ಣಾ, ಪಟ್ಟಿ ಅಲ್ಲೇ ಐತೆ. ತಪ್ಪಿದ್ರೆ ಬೆರಳಿಟ್ಟು ತೋರ್ಸಿ, ಹರಿದಾಕ್ತೀನಿ," ಅಂದರು. ಆ ಹುಡುಗಿಯ ಅಪ್ಪ ಹೋಗಿ ನೋಡಿದರು. ತಪ್ಪು ಸಿಗಲಿಲ್ಲ. "ನೋಡಣ ನೋಡಣ, ಇನ್ನೂ ಹೊತ್ತು ಐತಲ್ಲ," ಅನ್ನುತ್ತ ಕೂತರು.

ತಂಗಿ ಮೊದಲ ಕುಸ್ತಿ ಗೆದ್ದಳು. ಎರಡನೆಯದರಲ್ಲಿ ಆ ಉದ್ದನೆಯ ಹುಡುಗಿಯ ಕಾಲಿಗೆ ಕೈ ಹಾಕಲು ಹೋಗಿ ತಾನೇ ಕೆಳಗಾದಳು. ಕೆಳಗಿನ ಪಟ್ಟಿಗೆ ಬಂದಳು. "ಇನ್ನೊಂದು ಸಲ ಐತಲ್ಲ ಮಗ, ಹೆದರ್ಬೇಡ," ಎಂದು ಅಪ್ಪ ಅಲ್ಲಿಂದಲೇ ಕೂಗಿದರು. ಆ ಇನ್ನೊಂದು ಸಲವನ್ನು ಮುಚ್ಚಳ ಜೋಡಿಸಿ ಜೋಡಿಸಿ ಮಾಡಿದವಳು ನಾನು ಎಂದು ಅವರಿಗೆ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಹುಡುಗಿಯರದ್ದು ಆರು ಕುಸ್ತಿ ಬಾಕಿ. ತಂಗಿ ಗೆಲ್ಲುತ್ತ ಹೋದರೆ ಆರರಲ್ಲಿ ನಾಲ್ಕು ಅವಳದೇ: ಕೆಳಗಿನ ಪಟ್ಟಿಯಲ್ಲಿ ಮೂರು, ಆಮೇಲೆ ಫೈನಲ್. ಅದನ್ನೂ ಗೆದ್ದರೆ ಇನ್ನೊಂದು ಫೈನಲ್, ಅದು ಆಮೇಲಿನ ಮಾತು. ಹುಡುಗರದ್ದು ಒಂಬತ್ತು ಬಾಕಿ. ಅವಳ ನಾಲ್ಕು ಕುಸ್ತಿಗಳ ನಡುವೆ ಮೂರು ಸಂದು; ಸಂದಿಗೆ ಮೂರರಂತೆ ಒಂಬತ್ತು. ಹೇಳಿ ಮಾಡಿಸಿದಂತಿತ್ತು. ಊಟಕ್ಕೆ ಏಳುವ ಮೊದಲೇ ಹಾಗೆ ಪೆನ್ಸಿಲಿನಲ್ಲಿ ಬರೆದೂ ಇಟ್ಟೆ.

ನಾನು ಊಟಕ್ಕೆ ಹೋಗುವಾಗ ಅಪ್ಪ ನೆಲದ ಮೇಲೆ ಕೂತು ತಂಗಿಯ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಎಲ್ಲರೂ ನೋಡುತ್ತಿದ್ದರು, ಅವರಿಗೆ ನಾಚಿಕೆಯಿಲ್ಲ. ನನ್ನ ಕಾಲು ಏಳು ವರ್ಷದಿಂದ ದಿನಾ ಸಂಜೆ ಊದುತ್ತಿತ್ತು. "ಆ ನೀರಿನ ಬಾಟ್ಲು ಕೊಡು," ಎಂದು ಕೈ ಚಾಚಿದರು, ತಲೆ ಎತ್ತಲಿಲ್ಲ. ಕೊಟ್ಟೆ.

ಅಷ್ಟರಲ್ಲಿ ಹಾಸ್ಟೆಲಿನ ಕೋಚ್ ಅಲ್ಲಿಗೆ ಬಂದರು. "ಒಳ್ಳೇ ಪಟ್ಟು ಹಾಕ್ತಾಳೆ. ನಿಮ್ಮ ಮಗಳಾ?" ಎಂದು ಕೇಳಿದರು.

ಅಪ್ಪ ಎದ್ದು ನಿಂತು ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಹೂಂ ಸಾರ್. ನನ್ ಮಗಳು ಅಂದ್ರೆ ಇವಳೇ."

ನಾನು ಮೂರು ಮಾರು ದೂರದಲ್ಲಿ ಅನ್ನದ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ಅದನ್ನು ನನಗೆ ನೋವಾಗಲೆಂದು ಹೇಳಲಿಲ್ಲ, ನಾನು ಅಲ್ಲಿರುವುದು ಅವರ ನೆನಪಿನಲ್ಲೇ ಇರಲಿಲ್ಲ. ತಟ್ಟೆಯನ್ನು ಹಾಗೇ ಇಟ್ಟು ಮೇಜಿಗೆ ವಾಪಸ್ ಬಂದು ರಬ್ಬರ್ ತೆಗೆದುಕೊಂಡೆ.

ಯಾರಿಗೆ ಯಾರು ಎಂಬುದನ್ನು ನಾನು ಮುಟ್ಟಲಿಲ್ಲ. ಅದು ಗೋಡೆಯ ಮೇಲಿತ್ತು, ಎಲ್ಲರೂ ನೋಡಿದ್ದರು. ಯಾವಾಗ ಎಂಬುದು ನನ್ನ ಮೇಜಿನ ಮೇಲಿನ ಹಾಳೆಯಲ್ಲಿತ್ತು, ಅದನ್ನು ಮಾತ್ರ ಅಳಿಸಿದೆ. ಹುಡುಗರ ಒಂಬತ್ತನ್ನೂ ಮೊದಲಿಗೆ ತಂದೆ. ಹುಡುಗಿಯರ ಕುಸ್ತಿಗಳಲ್ಲಿ ತಂಗಿಯದಲ್ಲದ ಎರಡನ್ನು ಅವುಗಳ ಜೊತೆ ಸೇರಿಸಿದೆ. ಹುಡುಗರಲ್ಲಿ ಯಾರಿಗೂ ಉಸಿರು ಕಟ್ಟದಂತೆ ಎರಡು ತೂಕಗಳನ್ನು ಬಹಳ ಜಾಗ್ರತೆಯಿಂದ ಹೆಣೆದೆ. ಅವಳ ನಾಲ್ಕನ್ನು ಕೊನೆಗೆ ಒಂದರ ಹಿಂದೆ ಒಂದು ಇಟ್ಟೆ. ಅವಳ ಎದುರಿಗೆ ಬರುವವರೆಲ್ಲ ಅಷ್ಟು ಹೊತ್ತಿಗೆ ಕೂತು ದಣಿವಾರಿಸಿಕೊಂಡಿರುತ್ತಾರೆ. ಅಳಿಸಿದ ಕ್ರಮವಾದರೂ ಈ ಹೊಸ ಕ್ರಮವಾದರೂ ಮುಗಿಯುವುದು ಒಂದೇ ಸಮಯಕ್ಕೆ, ನಾಲ್ಕು ಗಂಟೆಗೆ. ನೋಡಿದವರಿಗೆ ವ್ಯತ್ಯಾಸವೇ ಕಾಣದು.

ಉಸ್ತಾದರಿಗೆ ಹೇಳಿದೆ: "ಸಣ್ಣ ಹುಡುಗ್ರು ದೂರದಿಂದ ಬಂದವ್ರೆ ಉಸ್ತಾದ್ರೇ. ಅವರದ್ದು ಮೊದ್ಲು ಮುಗಿಸಿ ಬಸ್ಸಿಗೆ ಕಳಿಸ್ಬಿಡೋಣ."

"ಒಳ್ಳೇ ಮನಸ್ಸು ಬೇಟಿ ನಿಂದು," ಅಂದರು.

ಹುಡುಗರು ಆಡಿ ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟರು. ನಾನು ತಂಗಿಯ ಹೆಸರು ಕರೆದೆ. ಮೊದಲನೆಯದನ್ನು ಅವಳು ಒಂದೇ ನಿಮಿಷದಲ್ಲಿ ಮುಗಿಸಿದಳು. ಎದುರಾಳಿಯ ಸೊಂಟ ಹಿಡಿದು ಎತ್ತಿ ಚಿತ್. ಅಪ್ಪ ಶಿಳ್ಳೆ ಹಾಕಿದರು. ಅವಳು ಅಂಚಿಗೆ ಹೋಗಿ ನೀರು ಕುಡಿಯುವಷ್ಟರಲ್ಲಿ ಮತ್ತೆ ಹೆಸರು ಕರೆದೆ. ಎರಡನೆಯದು ಪೂರ್ತಿ ಆರು ನಿಮಿಷ ಎಳೆಯಿತು. ಗೆದ್ದಳು, ಆದರೆ ಎದ್ದು ನಿಲ್ಲುವಾಗ ಒಂದು ಕೈಯನ್ನು ಮಂಡಿಗೆ ಊರಿದಳು. ಅಂಥ ಕೈಯನ್ನು ನಾನು ಲೈನಿನಲ್ಲಿ ದಿನಾ ನೋಡುತ್ತೇನೆ. ಆ ಕೈ ಕಂಡರೆ ತಕ್ಷಣ ಬಿಡುವು ಕೊಡುವವಳು ನಾನು.

ಉಸ್ತಾದರು ಮೇಜಿನ ಹತ್ತಿರ ಬಂದು ಬಗ್ಗಿದರು. "ಮಧ್ಯ ಒಂದು ಹುಡುಗ್ರ ಜೋಡಿ ಹಾಕು ಬೇಟಿ. ಕೂಸು ಸುಸ್ತಾಗೈತೆ."

"ಹುಡುಗ್ರದ್ದು ಮುಗೀತಲ್ಲ ಉಸ್ತಾದ್ರೇ."

"ಹಂಗಾದ್ರೆ ಹತ್ತು ನಿಮಿಷ ಬಿಡು."

ನಾನು ದೊಡ್ಡಬಳ್ಳಾಪುರದವರ ಕಡೆ ಕಣ್ಣಲ್ಲೇ ತೋರಿಸಿದೆ. "ತಂಗಿ ಅಂತ ಪಂದ್ಯ ನಿಲ್ಲಿಸಿದ್ರೆ ಅವ್ರು ಏನಂತಾರೆ? ನಿಮ್ ಹೆಸ್ರೂ ಹಾಳು. ಕೋಚ್ ಬೇರೆ ಗಡಿಯಾರ ನೋಡ್ತಾವ್ರೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹಿಂದಕ್ಕೆ ಹೋದರು. ನಾನು ಮೂರನೆಯದಕ್ಕೆ ಕರೆದೆ. ಅದನ್ನು ಅವಳು ಹೇಗೆ ಗೆದ್ದಳೋ ನನಗೆ ಈಗಲೂ ಗೊತ್ತಿಲ್ಲ. ಕೊನೆಯ ಗಳಿಗೆಯಲ್ಲಿ ಎದುರಾಳಿಯನ್ನು ಮ್ಯಾಟಿನಿಂದ ಆಚೆ ತಳ್ಳಿ ಒಂದು ಪಾಯಿಂಟಿನಲ್ಲಿ ಉಳಿದುಕೊಂಡಳು. ಫೈನಲ್ಲಿಗೆ ಕರೆಯುವ ಮೊದಲು ಅವಳೇ ಮೇಜಿನ ಹತ್ತಿರ ಬಂದು ಎರಡೂ ಕೈ ಊರಿ ನಿಂತಳು. ಬೆವರು ನನ್ನ ಹಾಳೆಯ ಮೇಲೆ ತೊಟ್ಟಿಕ್ಕಿತು.

"ಅಕ್ಕ, ಒಂದೈದು ನಿಮಿಷ ಸಿಗುತ್ತಾ?"

"ರೂಲ್ಸು ಎಲ್ರಿಗೂ ಒಂದೇ ಕಣೇ."

ಅವಳು ತಲೆಯಾಡಿಸಿದಳು. "ಹೂಂ ಬಿಡು. ನಿಂಗೆ ಕೆಟ್ಟ ಹೆಸ್ರು ಬರೋದು ಬೇಡ." ಹಾಗೆ ಹೇಳಿ ಹೋದಳು.

ಫೈನಲ್ ಒಂದೂವರೆ ನಿಮಿಷವೂ ಆಗಲಿಲ್ಲ. ದೊಡ್ಡಬಳ್ಳಾಪುರದ ಹುಡುಗಿ ಬಂದು ಕುತ್ತಿಗೆಗೆ ಕೈ ಹಾಕಿದಾಗ ತಂಗಿಯ ಕೈ ಮೇಲಕ್ಕೆ ಏಳಲೇ ಇಲ್ಲ. ಚಿತ್ ಆದ ಮೇಲೂ ಅವಳು ಸ್ವಲ್ಪ ಹೊತ್ತು ಹಾಗೇ ಮಲಗಿದ್ದಳು. ನನಗೆ ಆಗ ಅಳು ಬಂತು ಎಂದು ಬರೆಯಬಹುದು. ಬರಲಿಲ್ಲ. ಎದೆಯೊಳಗೆ ಏನೋ ತಂಪಾಯಿತು. ಆ ತಂಪು ಎಷ್ಟು ಹೊತ್ತು ಇತ್ತು ಎಂದರೆ, ಗೆದ್ದ ಹುಡುಗಿಯ ಹೆಸರನ್ನು ನಾನು ಮೈಕಿನಲ್ಲಿ ಎರಡು ಸಲ ಕೂಗುವಷ್ಟು.

ಆ ಹುಡುಗಿಯ ಅಪ್ಪ ಮೇಜಿನ ಹತ್ತಿರ ಬಂದು ಕೈ ಮುಗಿದರು. "ತಪ್ಪು ಮಾತಾಡ್ಬಿಟ್ಟೆ ಕಣಮ್ಮ ಬೆಳಿಗ್ಗೆ. ಒಡಹುಟ್ಟಿದೋಳು ಅಂತ ಒಂದು ಗಳಿಗೆ ನಿಲ್ಲಿಸ್ಲಿಲ್ಲ ನೀನು. ನಿನ್ನಂಥೋರು ಇರ್ಬೇಕು." ಸುತ್ತ ನಿಂತವರು ಹೌದು ಹೌದು ಅಂದರು. ಕೋಚ್ ಕೂಡ ಮೆಚ್ಚಿ ಮಾತಾಡಿದರು. ಆಮೇಲೆ ಅಪ್ಪ ಬಂದು, ಅಷ್ಟು ವರ್ಷದಲ್ಲಿ ಮೊದಲ ಸಲ, ನನ್ನ ತಲೆಯ ಮೇಲೆ ಕೈಯಿಟ್ಟು, "ನ್ಯಾಯವಾಗಿ ನಡ್ಕೊಂಡೆ ಮಗ," ಅಂದರು. ಆ ಕೈ ನನಗೆ ಬೇಕಾಗಿತ್ತು. ಸಿಕ್ಕಿದ್ದು ಹೀಗೆ.

ಸೀಟು ದೊಡ್ಡಬಳ್ಳಾಪುರದ ಹುಡುಗಿಗೆ ಹೋಯಿತು. ಅವಳ ಮೇಲೆ ನನಗೇನೂ ಇಲ್ಲ. ಅವಳು ಚೆನ್ನಾಗಿ ಆಡಿದಳು.

ಮನೆಗೆ ಬಂದ ಮೇಲೆ ತಂಗಿಗೆ ಲೋಟ ಹಿಡಿಯಲೂ ಆಗಲಿಲ್ಲ. ಅಮ್ಮ ಕುಡಿಸಿದರು. ಅವಳು ಗೋಡೆಗೆ ಒರಗಿ ಹೇಳಿದ ಮಾತು ಇದು: "ಪಟ್ಟು ಎಲ್ಲ ಬರುತ್ತಮ್ಮ ನಂಗೆ. ದಮ್ಮೇ ಇಲ್ಲ. ನಾಲ್ಕು ಕುಸ್ತಿಗೇ ಹಿಂಗಾದ್ರೆ ಹಾಸ್ಟೆಲಿಗೆ ಹೋಗಿ ಏನ್ ಮಾಡ್ಲಿ?"

ನಾನು ಅಲ್ಲೇ ಇದ್ದೆ. ಅವತ್ತೇ ಹೇಳಿದ್ದರೆ ಸೀಟು ವಾಪಸ್ ಬರುತ್ತಿರಲಿಲ್ಲ, ಆದರೆ ಈ ಮಾತು ಅಲ್ಲೇ ನಿಲ್ಲುತ್ತಿತ್ತು. ಹೇಳಲಿಲ್ಲ. ಆ ಮಾತು ಅವಳೊಳಗೆ ಬೇರು ಬಿಟ್ಟಿತು. ಬೆಳಿಗ್ಗೆ ಓಡುವುದನ್ನು ಬಿಟ್ಟಳು. ಉಸ್ತಾದರು ಎರಡು ಸಲ ಮನೆಗೆ ಬಂದು ಕರೆದರು. "ದಮ್ಮಿಲ್ದೋಳಿಗೆ ಕುಸ್ತಿ ಯಾಕೆ ಉಸ್ತಾದ್ರೇ" ಎಂದು ನಗುತ್ತ ಕಳಿಸಿದಳು. ಪಿಯುಸಿ ಮುಗಿಸಿ ನಾನಿರುವ ಕಾರ್ಖಾನೆಗೇ ಸೇರಿದಳು, ನನ್ನ ಲೈನಿಗೇ ಬಂದಳು. ನನ್ನ ಪಕ್ಕದಲ್ಲಿ ನಿಂತು ಮುಚ್ಚಳ ಆರಿಸತೊಡಗಿದಳು. ಬಸ್ಸಿಗೂ ಜೊತೆಯಾಗಿ ಕಾಯತೊಡಗಿದೆವು.

ಹೊಟ್ಟೆಕಿಚ್ಚು ಪಟ್ಟವರು ಬಯಸುವುದೇ ಅದನ್ನು, ಎದುರಿನವರು ತಮ್ಮ ಪಕ್ಕಕ್ಕೆ ಇಳಿದು ಬರಲಿ ಎಂದು. ನನಗೆ ಸಿಕ್ಕಿತು. ಸಿಕ್ಕಿದ ಮೇಲೆ ಅದನ್ನು ನೋಡಲು ಆಗುತ್ತಿರಲಿಲ್ಲ. ಅವಳ ಬಿಡುವಿನ ಹೊತ್ತು ಬರೆಯುವಾಗ ಒಂದೆರಡು ನಿಮಿಷ ಹೆಚ್ಚು ಹಾಕುತ್ತಿದ್ದೆ. ಅವಳು ಅದನ್ನೂ ತನ್ನ ದಮ್ಮಿಲ್ಲದಿರುವಿಕೆಗೆ ಸೇರಿಸಿಕೊಂಡಳು. "ನಮ್ಮಕ್ಕಂಗೆ ಗೊತ್ತು ನಂಗೆ ಬೇಗ ಸುಸ್ತಾಗುತ್ತೆ ಅಂತ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು.

ಈ ವರ್ಷ ಉಸ್ತಾದರಿಗೆ ಮಂಡಿ ಆಪರೇಷನ್ ಆಯಿತು. ಸಣ್ಣ ಹುಡುಗಿಯರಿಗೆ ಬೆಳಿಗ್ಗೆ ಹೊತ್ತು ನೀನು ಬಂದು ಕಲಿಸು ಎಂದು ತಂಗಿಗೆ ಫೋನ್ ಮಾಡಿದರು. ಕಾರ್ಖಾನೆಯ ಊಟದ ಬಿಡುವಿನಲ್ಲಿ ನನ್ನೆದುರಿಗೇ ಮಾತಾಡಿದಳು. "ನಾನಾ? ಬೇಡ ಉಸ್ತಾದ್ರೇ, ನಂಗೇ ಉಸಿರಿಲ್ಲ, ಮಕ್ಳಿಗೆ ಏನ್ ಹೇಳ್ಲಿ," ಎಂದು ಫೋನ್ ಇಟ್ಟು ಮೊಸರನ್ನ ಕಲಸತೊಡಗಿದಳು. ಅವಳ ಮುಖದಲ್ಲಿ ದುಃಖ ಕೂಡ ಇರಲಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ.

ಒಂದು ಡಬ್ಬಿಯ ರಟ್ಟು ಹರಿದು, ಮಾರ್ಕರಿನಲ್ಲಿ ಹದಿನೈದು ಕುಸ್ತಿಗಳನ್ನು ಬರೆದೆ. ಮೊದಲು ನಡೆದದ್ದು. ಅದರ ಪಕ್ಕದಲ್ಲಿ ನಡೆಯಬೇಕಾಗಿದ್ದದ್ದು. ನನಗೆ ನಾಲ್ಕು ವರ್ಷದಿಂದ ಅದು ಬಾಯಿಪಾಠ. ಅವಳ ಮುಂದೆ ಇಟ್ಟೆ.

ಅವಳು ಕೈ ನೆಕ್ಕಿಕೊಂಡು ಬೆರಳಿಟ್ಟು ನೋಡಿದಳು. "ಏನಿದು? ಈ ಒಂಬತ್ತು ಹುಡುಗ್ರದ್ದಾ?"

"ಹೂಂ."

"ಇದ್ನ ಇಲ್ಲೆಲ್ಲ ಮಧ್ಯ ಮಧ್ಯ ಹಾಕ್ಬೋದಿತ್ತಾ?"

"ಮೊದ್ಲು ಹಂಗೇ ಹಾಕಿದ್ದೆ. ಊಟದ ಹೊತ್ತಲ್ಲಿ ಅಳಿಸ್ದೆ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ. ನಿನ್ ಮೇಲೆ."

ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದು. ನಾನು ನಗದೇ ಇದ್ದಾಗ ಮತ್ತೆ ರಟ್ಟು ನೋಡಿದಳು. ತುಟಿಯಲ್ಲೇ ಎಣಿಸಿದಳು. ಎಣಿಸಿ ಮುಗಿಸಿದ ಮೇಲೆ ಅವಳ ದನಿ ಬಹಳ ಸಣ್ಣದಾಗಿತ್ತು.

"ನಾಲ್ಕು ವರ್ಷ ಅಕ್ಕ. ನಾಲ್ಕು ವರ್ಷ ನಾನು ನನ್ ಎದೇನ ಬೈಕೊಂಡಿದೀನಿ." ಆಮೇಲೆ ಜೋರಾಗಿ, "ಮೊಟ್ಟೆ ಬೇಕಿದ್ರೆ ಕೇಳ್ಬೋದಿತ್ತಲ್ಲ! ಟೆಂಪೋ ಬೇಕಿದ್ರೆ ಹತ್ಬೋದಿತ್ತಲ್ಲ! ನಾನ್ ಇಳೀತಿದ್ದೆ ಕಣೇ, ನೀನು ಒಂದು ಮಾತು ಅಂದಿದ್ರೆ!" ಅಂದಳು. ಅಕ್ಕ ಪಕ್ಕದ ಹೆಂಗಸರು ತಿನ್ನುವುದು ನಿಲ್ಲಿಸಿ ನೋಡಿದರು. ಅವಳು ನನ್ನನ್ನು ಕಣೇ ಅಂದದ್ದು ಅದೇ ಮೊದಲು. ನಾನು ಮೊಟ್ಟೆಯನ್ನೂ ಟೆಂಪೊವನ್ನೂ ನೋಡುತ್ತಿದ್ದದ್ದು ಅವಳಿಗೂ ಗೊತ್ತಿತ್ತು.

ಗಂಟೆ ಹೊಡೆಯಿತು. ಇಬ್ಬರೂ ಎದ್ದು ಲೈನಿಗೆ ಹೋಗಿ ಪಕ್ಕಪಕ್ಕ ನಿಂತೆವು. ಬೇರೆ ಜಾಗ ಇರಲಿಲ್ಲ. ಮೂರು ಗಂಟೆಗೆ ಅವಳ ಬಿಡುವು. ಅವಳ ಜಾಗಕ್ಕೆ ಬಂದ ಹೆಂಗಸಿಗೆ, "ಬೇಡಕ್ಕ, ನೀನ್ ಹೋಗಿ ಕೂತ್ಕೋ," ಅಂದಳು. ಸಂಜೆಯವರೆಗೂ ಕೂರಲಿಲ್ಲ. ಒಂದು ಕೈಯನ್ನೂ ಎಲ್ಲೂ ಊರಲಿಲ್ಲ. ಹೋಗುವಾಗ ರಟ್ಟನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

ನಾನು ಉಸ್ತಾದರ ಹತ್ತಿರ ಹೋಗಿ ಅವರಿಗೂ ಹೇಳಿದೆ. ಅವರು ಕಟ್ಟು ಹಾಕಿದ ಮಂಡಿಯನ್ನು ಸವರಿಕೊಂಡರು. "ಅವತ್ತು ನಿನ್ ಮುಖ ನೋಡ್ದೆ ಬೇಟಿ. ನೋಡಿಯೂ ಜನಕ್ಕೆ ಹೆದರಿ ಸುಮ್ನಾದೆ. ನಂದೂ ಐತೆ ಅದ್ರಲ್ಲಿ," ಅಂದರು. ಆಮೇಲೆ ಅವರು ನನ್ನ ಹತ್ತಿರ ಪಟ್ಟಿ ಬರೆಸಿಲ್ಲ. ಬರೆಸಬಾರದು ಕೂಡ.

ತಂಗಿ ಈಗ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗುತ್ತಾಳೆ. ಅಪ್ಪನನ್ನು ಕರೆಯುವುದಿಲ್ಲ, ನಡೆದೇ ಹೋಗುತ್ತಾಳೆ. ಮಕ್ಕಳಿಗೆ ಕಲಿಸಿ ಅಲ್ಲಿಂದಲೇ ಕಾರ್ಖಾನೆಗೆ ಬರುತ್ತಾಳೆ. ನನ್ನ ಜೊತೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು. ಇದನ್ನು ಬರೆಯಲಾ ಎಂದು ಕೇಳಿದ್ದಕ್ಕೆ, "ಬರ್ಕೋ. ಯಾರ ಹೆಸ್ರೂ ಬೇಡ," ಅಂದಳು. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ. ನಾನು ಕೇಳಿಲ್ಲ.

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಇನ್ನೊಂದು ಮೋಸ. ಮೊನ್ನೆ ಉಸ್ತಾದರ ಶೆಡ್ಡಿನ ಹುಡುಗಿಯೊಬ್ಬಳು ರಸ್ತೆಯಲ್ಲಿ ಸಿಕ್ಕಿ, "ನೀವು ನಮ್ಮ ಮೇಡಂ ಅಕ್ಕ ಅಲ್ವಾ?" ಎಂದು ಕಣ್ಣರಳಿಸಿ ಕೇಳಿದಾಗ ಒಳಗೆ ಚುರುಕ್ ಅಂದಿತು. ಅದರ ಪರಿಚಯ ನನಗೆ ಚೆನ್ನಾಗಿದೆ. ಅದು ಬಂದಾಗ ಈಗ ನನ್ನ ಕೈಯಲ್ಲಿ ಪೆನ್ಸಿಲ್ ಇರುವುದಿಲ್ಲ ಎಂಬುದಷ್ಟೇ ಸಮಾಧಾನ.

ಹೋದ ಭಾನುವಾರ ಅವಳು ಮಧ್ಯಾಹ್ನ ಮನೆಗೆ ಬಂದಾಗ ತುಟಿ ಒಡೆದಿತ್ತು. ಬೇರೆ ಊರಿನ ಹುಡುಗಿಯರು ಬಂದಿದ್ದರಂತೆ, ಅವರ ಜೊತೆ ಸುಮ್ಮನೆ ಅಭ್ಯಾಸಕ್ಕೆ ಆಡಿದಳಂತೆ. ಅಮ್ಮ ಅರಿಶಿನ ಹಚ್ಚುತ್ತ, "ಎಷ್ಟು ಆಡ್ದೆ, ಯಾಕಿಂಗ್ ಮೈ ನುಗ್ಗು ಮಾಡ್ಕೊಂಡು ಬಂದಿದೀಯ?" ಎಂದು ಬೈದರು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅವಳು ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಉತ್ತರ ಕೊಟ್ಟಳು.

"ಐದು ಆಡ್ದೆ ಕಣಮ್ಮ, ಮಧ್ಯ ಕೂರ್ದೆ. ಇನ್ನೂ ಎರಡು ಆಡ್ತಿದ್ದೆ, ಅವ್ರೇ ಸಾಕು ಅಂದ್ರು."